ಟೊಂಕದ ನೋವು ಕಲಿಸಿದ ಪಾಠ

ಈ ಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸುತ್ತಿದ್ದ ಕಾಲದಲ್ಲಿ, ಪ್ರಯೋಗಾಲಯದ ಮೂಲೆಯಲ್ಲಿದ್ದ ಅಸ್ಥಿಪಂಜರದ ತೊಡೆಮೂಳೆಯನ್ನು ತಿರುಗಿಸುತ್ತ, "ಇದು ಚೆಂಡು-ಗುಣಿ ಕೀಲು, ಮೈಭಾರವನ್ನು ಕಾಲಿಗೆ ದಾಟಿಸುವುದು ಇದೇ" ಎಂದು ವರ್ಷವರ್ಷವೂ ಹೇಳುತ್ತಿದ್ದೆನು. ಆ ಕೀಲಿನ ವಿಷಯದಲ್ಲಿ ನನಗೆ ತಿಳಿದಿದ್ದುದು ಅಷ್ಟೇ ಎಂಬುದು ನನ್ನ ಮನೆಯಲ್ಲಿಯೇ ಎರಡು ಬಾರಿ ಸಿದ್ಧವಾಯಿತು.

ಮೊದಲನೆಯದು ನನ್ನ ತಾಯಿಯವರ ಪ್ರಸಂಗ. ಎಪ್ಪತ್ತು ದಾಟಿದ್ದ ಅವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದುದರಿಂದ, ಮೂಳೆ ಮುರಿದಿಲ್ಲ, ಬರಿಯ ಉಳುಕೆಂದು ಭಾವಿಸಿ ಎಣ್ಣೆ ತಿಕ್ಕಿದೆನು. ಹತ್ತನೆಯ ದಿನ ಅವರು ಮೇಲೇಳಲಾರದಾದರು. ಕ್ಷ-ಕಿರಣ ಚಿತ್ರದಲ್ಲಿ ತೊಡೆಮೂಳೆಯ ಕತ್ತು ಮುರಿದಿತ್ತು. ಮುರಿದ ತುದಿಗಳು ಒಂದರೊಳಗೊಂದು ನಾಟಿಕೊಂಡಿದ್ದರೆ ರೋಗಿಯು ಕೆಲಕಾಲ ನಡೆಯಬಲ್ಲನೆಂದು ವೈದ್ಯರು ಹೇಳಿದಾಗ ನಾನು ತಲೆ ತಗ್ಗಿಸಿದೆನು. ತಾಯಿಯವರು ಮತ್ತೆ ಆಸರೆಯಿಲ್ಲದೆ ನಡೆಯಲಿಲ್ಲ.

ಎರಡನೆಯದು ನನ್ನದೇ. ನಿವೃತ್ತಿಯ ತರುವಾಯ ಬಲ ಮೊಣಕಾಲು ನೋಯತೊಡಗಿತು. ಒಂದು ವರ್ಷ ಮೊಣಕಾಲಿಗೇ ಲೇಪ, ಪಟ್ಟಿ, ಮಾತ್ರೆಗಳಾದವು. ಕೊನೆಗೆ ಮೂಳೆತಜ್ಞರೊಬ್ಬರು, "ಕಾಲುಚೀಲ ಹಾಕಿಕೊಳ್ಳುವುದು ಕಷ್ಟವೇ?" ಎಂದು ಕೇಳಿ, ನನ್ನನ್ನು ಅಂಗಾತ ಮಲಗಿಸಿ, ಮಡಿಸಿದ ಕಾಲನ್ನು ತಿರುಗಿಸಿ ತೊಡೆಯನ್ನು ಒಳಮುಖವಾಗಿ ಹೊರಳಿಸಿದರು. ತೊಡೆಸಂದಿನಲ್ಲಿ ನೋವು ಚುಚ್ಚಿತು. "ಮಾಸ್ತರರೇ, ನಿಮ್ಮ ಮೊಣಕಾಲು ನಿರಪರಾಧಿ" ಎಂದರು. ಎರಡೂ ಕೀಲುಗಳಿಗೆ ಹೋಗುವ ನರಗಳಲ್ಲಿ ಕೆಲವು ಒಂದೇ ಆದುದರಿಂದ, ಮೇಲಿನ ಕೀಲಿನ ನೋವು ಕೆಳಗೆ ತೋರುವುದುಂಟು. ನನ್ನ ಕೀಲಿನ ಮೃದ್ವಸ್ಥಿ ಸವೆದಿತ್ತು.

ನಮ್ಮ ಆಡುಮಾತಿನ 'ಟೊಂಕ' ಎಂಬ ಒಂದೇ ಪದವು ಹಲವು ಸ್ಥಳಗಳನ್ನು ಮರೆಮಾಡುತ್ತದೆ. ತೊಡೆಸಂದಿನ ನೋವು ಬಹುಮಟ್ಟಿಗೆ ಕೀಲಿನದು. ಪಕ್ಕಕ್ಕೆ ಮಲಗಿದಾಗ ಹೊರಮಗ್ಗುಲು ನೋಯುವುದು ಸಾಮಾನ್ಯವಾಗಿ ಅಲ್ಲಿಯ ಸ್ನಾಯುರಜ್ಜುಗಳಿಂದ. ಪೃಷ್ಠದಿಂದ ಹೊರಟು ಮೊಣಕಾಲಿನ ಕೆಳಗೂ ಇಳಿದು ಜೋಮು ಹಿಡಿಸುವ ನೋವಿನ ಮೂಲ ಅನೇಕ ವೇಳೆ ಬೆನ್ನುಮೂಳೆಯಲ್ಲಿರುತ್ತದೆ. ಯೌವನದಲ್ಲಿಯೇ ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಅದು ಕುಸಿಯುವುದೂ ಉಂಟು. ದೀರ್ಘಕಾಲ ಸೇವಿಸಿದ ಸ್ಟೀರಾಯ್ಡ್, ಅತಿಯಾದ ಮದ್ಯಪಾನ, ಕುಡಗೋಲು ಕಣ ರಕ್ತಹೀನತೆಗಳು ಇದರ ಕಾರಣಗಳಲ್ಲಿ ಮುಖ್ಯವಾದವು. ಆರಂಭದಲ್ಲಿ ಕ್ಷ-ಕಿರಣಕ್ಕೆ ಕಾಣದ ಈ ದೋಷವು ಎಂ.ಆರ್.ಐ. ಪರೀಕ್ಷೆಯಲ್ಲಿ ಕಾಣುತ್ತದೆ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದಾದುದರಿಂದ ಅವುಗಳನ್ನು ನಂಬಲಾಗದು.

ಕಾರಣವನ್ನು ಅರಸುವುದು ಸುಲಭವಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟದ ಮತ್ತು ಮೊಣಕಾಲಿನ ಕೀಲುಗಳನ್ನು ಕೆಡಿಸುವ ಕಾಯಿಲೆಯೊಂದು ಗಮನಕ್ಕೆ ಬಂದಿತು. ಕೀಟನಾಶಕ ಸೇರಿದ ಗದ್ದೆಯ ಏಡಿಗಳ ಮೇಲೆ ಮೊದಲು ಶಂಕೆಯಿತ್ತು. ಅದು ವಂಶಪಾರಂಪರ್ಯವಾಗಿ ಬರುವ ಮೂಳೆಯ ಬೆಳವಣಿಗೆಯ ದೋಷವೆಂಬುದು ಮುಂದಿನ ಸಂಶೋಧನೆಗಳಿಂದ ತಿಳಿದುಬಂದಿತು.

ವೃದ್ಧರು ಬಿದ್ದ ಮೇಲೆ ನೋವೆಂದರೆ, ಕಾಲೂರಲು ಆಗದಿದ್ದರೆ, ನೋವಿನೊಡನೆ ಜ್ವರವಿದ್ದರೆ ಒಂದು ದಿನವೂ ತಡೆಯಬಾರದು. ಇಂದಿನ ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿಯಿಷ್ಟೆ: ಅಸ್ಥಿಪಂಜರದ ಮುಂದೆ ನಿಂತು ಕೀಲಿನ ಹೆಸರನ್ನು ಹೇಳುವಾಗ, ಅದರ ನೋವು ಎಲ್ಲೆಲ್ಲಿ ತೋರುವುದೆಂಬುದನ್ನೂ ಹೇಳಿರಿ. ಅದನ್ನು ಕೇಳಿದ ಬಾಲಕನೊಬ್ಬನು ತನ್ನ ಅಜ್ಜಿಯನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಕರೆದೊಯ್ದಾನು.