ಯಾರ ಮಗಳು ನೀನು?

ಜಪಾನಿನ ನಿಪ್ಪಾನ್ ಟೆಲಿವಿಷನ್ 1991ರಿಂದ ನಡೆಸಿಕೊಂಡು ಬಂದಿರುವ ಒಂದು ಕಾರ್ಯಕ್ರಮದ ಹೆಸರು ‘ಹಾಜಿಮೆತೆ ನೊ ಒತ್ಸುಕಾಯ್’. ಪುಟ್ಟ ಮಕ್ಕಳು ಮೊದಲ ಸಲ ದೊಡ್ಡವರಿಲ್ಲದೆ ಅಂಗಡಿಗೆ ಹೋಗಿ ಸಾಮಾನು ತರುತ್ತಾರೆ, ಇಷ್ಟೇ ಕಥೆ. 2022ರಲ್ಲಿ ನೆಟ್‌ಫ್ಲಿಕ್ಸ್ ಅದರ ಕೆಲವು ಕಂತುಗಳನ್ನು ‘ಓಲ್ಡ್ ಎನಫ್’ ಎಂಬ ಹೆಸರಿನಲ್ಲಿ ಹೊರದೇಶದವರಿಗೂ ತೋರಿಸಿತು. ಮೊದಲ ಕಂತಿನ ಹುಡುಗನಿಗೆ ಎರಡು ವರ್ಷ ಒಂಬತ್ತು ತಿಂಗಳು. ಸುಮಾರು ಒಂದು ಕಿಲೋಮೀಟರ್ ದೂರದ ಅಂಗಡಿಗೆ ಹೊರಡುತ್ತಾನೆ, ರಸ್ತೆ ದಾಟುವಾಗ ಹಳದಿ ಬಾವುಟ ಎತ್ತಿ ಹಿಡಿಯುತ್ತಾನೆ. ಕ್ಯಾಮೆರಾದವರು ದಾರಿಹೋಕರಂತೆ ಆಸುಪಾಸಿನಲ್ಲೇ ಇರುತ್ತಾರೆ, ದಾರಿಯನ್ನೂ ಮೊದಲೇ ನೋಡಿಟ್ಟಿರುತ್ತಾರೆ. ಅಷ್ಟು ಚಿಕ್ಕ ಮಗುವನ್ನು ಅಲ್ಲಿನವರೂ ದಿನಾ ಹೀಗೆ ಕಳಿಸುವುದಿಲ್ಲ. ಆದರೆ ಆರು ವರ್ಷ ತುಂಬಿ ಶಾಲೆಗೆ ಸೇರಿದ ಮಗು ನಡೆದೇ ಹೋಗುವುದು, ಅಪ್ಪ ಅಮ್ಮ ಕಾರಿನಲ್ಲಿ ತಂದು ಬಿಡದಿರುವುದು ಅಲ್ಲಿ ದಿನನಿತ್ಯದ ಮಾತು.

ಈ ಕಾರ್ಯಕ್ರಮ ನೋಡಿದ ನಮ್ಮವರೆಲ್ಲ ಆ ತಾಯಂದಿರ ಧೈರ್ಯವನ್ನು ಹೊಗಳಿದರು, ಇಲ್ಲವೇ ಬೈದರು. ಹೊಗಳಿಕೆಯೂ ಬೈಗುಳವೂ ಸಲ್ಲಬೇಕಾದ್ದು ತಾಯಿಗೊಬ್ಬಳಿಗೇ ಅಲ್ಲ ಎಂದು ನನಗೆ ತಿಳಿಸಿಕೊಟ್ಟವಳು ನನ್ನ ಅಕ್ಕನ ಮಗಳು.

ಅವಳಿರುವುದು ಟೋಕಿಯೊದ ನಿಶಿಕಸಾಯ್‌ನಲ್ಲಿ. ಸಾಫ್ಟ್‌ವೇರ್ ಕೆಲಸಕ್ಕೆ ಹೋದ ಭಾರತೀಯರು ಅಲ್ಲಿ ಬಹಳ. ಅನೇಕರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದರೆ ಇವಳು ಮಗನನ್ನು ಹತ್ತಿರದ ಸರ್ಕಾರಿ ಶಾಲೆಗೇ ಸೇರಿಸಿದಳು. ಶಾಲೆ ಶುರುವಾಗುವುದು ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ತಾಯಿ ಮಗ ಇಬ್ಬರೂ ದಾರಿಯನ್ನು ನಡೆದು ನಡೆದು ಅಭ್ಯಾಸ ಮಾಡಿಕೊಂಡರು. ಶಾಲೆಯವರು ಗೊತ್ತುಮಾಡಿದ ದಾರಿ ಅದು, ಅಡ್ಡದಾರಿ ಹಿಡಿಯುವಂತಿಲ್ಲ. ಒಂದನೇ ತರಗತಿಯವರ ಬ್ಯಾಗಿಗೆ ಹಳದಿ ಹೊದಿಕೆ, ದೂರದಿಂದಲೇ ಇದು ಹೊಸ ಮಗು ಎಂದು ಡ್ರೈವರಿಗೆ ಗೊತ್ತಾಗಲಿ ಎಂದು. ಬ್ಯಾಗಿನ ಪಟ್ಟಿಗೆ ಒಂದು ಪುಟ್ಟ ಅಲಾರಂ. ದಾರ ಎಳೆದರೆ ಕಿವಿ ಬಿರಿಯುವಂತೆ ಕಿರಿಚುತ್ತದೆ. ದಾರಿಯಲ್ಲಿ ಕೆಲವು ಮನೆ, ಅಂಗಡಿಗಳ ಮೇಲೆ ‘ಮಕ್ಕಳ 110’ ಎಂಬ ಫಲಕ. ಅಲ್ಲಿ 110 ಎಂದರೆ ಪೊಲೀಸರ ನಂಬರು. ಹೆದರಿದ ಮಗು ಆ ಬಾಗಿಲಿಗೆ ನುಗ್ಗಬಹುದು, ಒಳಗಿನವರು ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಸುತ್ತಲ ಕೆಲವು ಬೀದಿಗಳಿಗೆ ವಾಹನಗಳು ಬರುವಂತೆಯೇ ಇಲ್ಲ.

ಇನ್ನೊಂದು ಸಂಗತಿ ಕಣ್ಣಿಗೆ ಬೀಳುವಂಥದ್ದಲ್ಲ. 1962ರ ಕಾನೂನಿನ ಪ್ರಕಾರ ಕಾರು ಕೊಳ್ಳುವವರು ಅದನ್ನು ನಿಲ್ಲಿಸಲು ತಮಗೆ ಜಾಗವಿದೆ ಎಂದು ತೋರಿಸಬೇಕು. ರಾತ್ರಿಯೆಲ್ಲ ರಸ್ತೆಯ ಪಕ್ಕ ಕಾರು ನಿಲ್ಲಿಸಿಕೊಳ್ಳುವ ಹಾಗಿಲ್ಲ. ಇದಕ್ಕೂ ಮಕ್ಕಳಿಗೂ ಏನು ಸಂಬಂಧ ಅನ್ನಿಸಬಹುದು. ನಮ್ಮ ಬಡಾವಣೆಯ ಯಾವುದಾದರೂ ಅಡ್ಡರಸ್ತೆಯಲ್ಲಿ ನಿಂತು ನೋಡಿ: ಎರಡೂ ಕಡೆ ಸಾಲುಗಟ್ಟಿ ನಿಂತ ಕಾರುಗಳ ನಡುವಿನಿಂದ ಆರು ವರ್ಷದ ಮಗು ರಸ್ತೆಗೆ ಕಾಲಿಟ್ಟರೆ, ಬರುತ್ತಿರುವ ಸ್ಕೂಟರಿನವನಿಗೆ ಕಾಣುವುದು ತಲೆಗೂದಲು ಮಾತ್ರ. ಮಗುವಿಗಂತೂ ಸ್ಕೂಟರೇ ಕಾಣುವುದಿಲ್ಲ.

ಮೊಮ್ಮಗ ಒಬ್ಬನೇ ಶಾಲೆಗೆ ಹೋಗುತ್ತಾನೆಂದು ತಿಳಿದಾಗ ನಮ್ಮಕ್ಕ ವಿಡಿಯೊ ಕಾಲ್‌ನಲ್ಲೇ ಅತ್ತುಬಿಟ್ಟಳು. “ಅಷ್ಟು ಚಿಕ್ಕ ಮಗೂನ ಬೀದಿಗೆ ಬಿಟ್ಟು ನೀನು ಮನೇಲಿ ಹೇಗೆ ಕೂತಿರ್ತೀಯೆ?” ಅಂದಳು.

“ಮನೇಲಿ ಎಲ್ಲಮ್ಮಾ ಕೂತಿರ್ತೀನಿ? ನಮ್ಮ ಸರದಿ ಬಂದಾಗ ನಾನೂ ಹಳದಿ ಬಾವುಟ ಹಿಡ್ಕೊಂಡು ಮೂಲೇಲಿ ನಿಂತಿರ್ತೀನಿ. ಬೇರೆಯವರ ಮಕ್ಕಳನ್ನ ರಸ್ತೆ ದಾಟಿಸೋಕೆ.” ಆಮೇಲೆ ನನ್ನ ಕಡೆ ತಿರುಗಿ, “ನನ್ನ ಮಗನನ್ನ ಇನ್ಯಾರೋ ದಾಟಿಸಿರ್ತಾರೆ ಚಿಕ್ಕಮ್ಮ” ಅಂದಳು.

ಈ ಒಂದು ಮಾತಿನಲ್ಲಿ ಇಡೀ ವಿಷಯವಿದೆ ಎಂದು ನಾನು ನಂಬುತ್ತೇನೆ. ನಾವು ಸ್ವಾತಂತ್ರ್ಯ ಎಂದಾಗ ಅಪ್ಪ ಅಮ್ಮ ಕೈಬಿಡುವುದು ಎಂದುಕೊಳ್ಳುತ್ತೇವೆ. ಅಲ್ಲಿ ಅಮ್ಮ ಬಿಟ್ಟ ಕೈಯನ್ನು ಬೀದಿ ಹಿಡಿದುಕೊಂಡಿದೆ.

ಇದು ಜಪಾನೀಯರ ರಕ್ತದಲ್ಲೇ ಇದ್ದ ಗುಣವೇನೂ ಅಲ್ಲ. ಯುದ್ಧಾನಂತರ ಕಾರುಗಳು ಹೆಚ್ಚಿದಾಗ ಅಲ್ಲಿನ ರಸ್ತೆಗಳಲ್ಲಿ ಸಾವು ಎಷ್ಟಾಯಿತೆಂದರೆ ಪತ್ರಿಕೆಗಳು ಅದನ್ನು ‘ಸಂಚಾರ ಯುದ್ಧ’ ಎಂದೇ ಕರೆದವು. 1970 ಒಂದರಲ್ಲೇ ಸತ್ತವರು 16,765 ಮಂದಿ. ಅದಕ್ಕೆ ಮೊದಲೇ, 1959ರಲ್ಲಿ, ಟೋಕಿಯೊದಲ್ಲಿ ಶಾಲಾ ಮಕ್ಕಳನ್ನು ರಸ್ತೆ ದಾಟಿಸಲು ಹೆಂಗಸರನ್ನು ನೇಮಿಸಿದ್ದರು. ಗಂಡನನ್ನು ಕಳೆದುಕೊಂಡವರಿಗೆ ಕೆಲಸ ಕೊಡುವುದೂ ಅದರ ಉದ್ದೇಶವಾಗಿತ್ತು. ಮಕ್ಕಳು ಅವರನ್ನು ‘ಹಸಿರು ಅತ್ತೆ’ ಅನ್ನುತ್ತಿದ್ದರು. 2022ರ ಹೊತ್ತಿಗೆ ಅಲ್ಲಿ ರಸ್ತೆ ಸಾವು 2,610ಕ್ಕೆ ಇಳಿದಿತ್ತು. ಅದೇ ವರ್ಷ ನಮ್ಮ ದೇಶದಲ್ಲಿ 1,68,491. ನಮ್ಮ ಜನಸಂಖ್ಯೆ ಅವರ ಹನ್ನೊಂದು ಪಟ್ಟಿಗಿಂತ ಜಾಸ್ತಿ, ಲೆಕ್ಕ ಹಾಕುವ ಕ್ರಮವೂ ಬೇರೆ. ಅದನ್ನೆಲ್ಲ ಕಳೆದರೂ ಉಳಿಯುವ ಅಂತರ ಸಣ್ಣದಲ್ಲ. ಮಗನನ್ನು ಶಾಲೆಯ ಗೇಟಿನವರೆಗೂ ಸ್ಕೂಟರಿನಲ್ಲಿ ಬಿಟ್ಟು ಬರುವ ಬೆಂಗಳೂರಿನ ತಾಯಿಯನ್ನು ಅತಿಮುದ್ದಿನವಳು, ಪುಕ್ಕಲಿ ಎಂದು ಹಂಗಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಅವಳು ಲೆಕ್ಕ ಸರಿಯಾಗಿಯೇ ಹಾಕಿದ್ದಾಳೆ.

ಅಲ್ಲಿಯೂ ಅನಾಹುತಗಳಾಗಿವೆ. 2021ರ ಜೂನಿನಲ್ಲಿ ಚಿಬಾ ಪ್ರಾಂತದ ಯಾಚಿಮಾತಾದಲ್ಲಿ ಕುಡಿದವನೊಬ್ಬನ ಲಾರಿ ಶಾಲೆಯಿಂದ ಮನೆಗೆ ನಡೆದು ಬರುತ್ತಿದ್ದ ಮಕ್ಕಳ ಮೇಲೆ ನುಗ್ಗಿ ಇಬ್ಬರು ಸತ್ತರು. ದೇಶವೇ ಕಂಗೆಟ್ಟಿತು. ಆದರೆ ‘ಇನ್ನು ಮಕ್ಕಳನ್ನು ನಡೆಸಬೇಡಿ’ ಎಂದು ಯಾರೂ ಆಜ್ಞೆ ಮಾಡಲಿಲ್ಲ. ದೇಶದುದ್ದಕ್ಕೂ ಮಕ್ಕಳು ನಡೆಯುವ ದಾರಿಗಳನ್ನು ಪರೀಕ್ಷಿಸಿದರು. 2023ರಲ್ಲಿ ಸೈತಾಮಾ ಪ್ರಾಂತದ ಶಾಸಕರು ಮೂರನೇ ತರಗತಿಯವರೆಗಿನ ಮಕ್ಕಳನ್ನು ದೊಡ್ಡವರಿಲ್ಲದೆ ಬಿಡಬಾರದೆಂದು ನಿಯಮ ತರಹೊರಟರು. ಒಬ್ಬೊಬ್ಬರೇ ಶಾಲೆಗೆ ಹೋಗುವುದೂ ತಪ್ಪಾಗುತ್ತಿತ್ತು. ಪಾಲಕರು ಎದ್ದುನಿಂತು ವಿರೋಧಿಸಿದ ಮೇಲೆ ಅಕ್ಟೋಬರಿನಲ್ಲೇ ಅದನ್ನು ಹಿಂದಕ್ಕೆ ಪಡೆದರು. ಇಬ್ಬರೂ ದುಡಿಯುವ ಮನೆಗಳಿಗೆ ಮಗುವಿನ ಸ್ವಾತಂತ್ರ್ಯ ಆದರ್ಶವಲ್ಲ, ಅಗತ್ಯ.

ದೇಶ ಬದಲಾದರೆ ಅದೇ ಕೆಲಸ ಅಪರಾಧವೂ ಆಗುತ್ತದೆ. 1997ರಲ್ಲಿ ನ್ಯೂಯಾರ್ಕಿಗೆ ಬಂದಿದ್ದ ಡೆನ್ಮಾರ್ಕಿನ ತಾಯಿಯೊಬ್ಬಳು ಹದಿನಾಲ್ಕು ತಿಂಗಳ ಮಗಳನ್ನು ತಳ್ಳುಗಾಡಿಯಲ್ಲಿ ಹೋಟೆಲಿನ ಹೊರಗೆ ಬಿಟ್ಟು, ಗಾಜಿನಾಚೆಯಿಂದ ನೋಡುತ್ತಾ ಒಳಗೆ ಕೂತಿದ್ದಳು. ಅವಳ ಊರಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಪೊಲೀಸರು ಅವಳನ್ನು ಬಂಧಿಸಿದರು, ಮಗುವನ್ನು ಕೆಲವು ದಿನ ಬೇರೆಯವರ ಸುಪರ್ದಿಗೆ ಕೊಟ್ಟರು.

ನಾನು ಬೆಳೆದದ್ದು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ರಾಗಿ ಬೀಸಿಸಿಕೊಂಡು ಬರುವುದು ಮಕ್ಕಳ ಪಾಲಿನ ಕೆಲಸ. ಡಬ್ಬಿ ಹೊತ್ತು ಮಿಲ್ಲಿಗೆ ಹೋದರೆ ಸಾಲಿನಲ್ಲಿ ನಮಗಿಂತ ಮೊದಲು ಬಂದ ಡಬ್ಬಿಗಳು, ಚೀಲಗಳು. ಹುಬ್ಬು ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತ ಮಿಲ್ಲಿನವರು ಆ ಸದ್ದಿನಲ್ಲೇ ಕೂಗಿ ಕೇಳುತ್ತಿದ್ದರು, “ಯಾರ ಮಗಳು ನೀನು?” ಹೇಳಿದರೆ ಸಾಕು, ದುಡ್ಡು ಕಡಿಮೆ ಬಿದ್ದರೂ ಹಿಟ್ಟು ಸಿಗುತ್ತಿತ್ತು. ಬಿಸಿ ಹಿಟ್ಟಿನ ಡಬ್ಬಿಯನ್ನು ಹೊಟ್ಟೆಗವಚಿಕೊಂಡು ಬರುವಾಗ ಜಗಲಿ ಜಗಲಿಯಿಂದ ಅದೇ ಪ್ರಶ್ನೆ. ಆ ಪ್ರಶ್ನೆಯ ಬಲದ ಮೇಲೆ ನಮ್ಮಮ್ಮ ನಿಶ್ಚಿಂತೆಯಿಂದ ಇದ್ದಳು.

ಆದರೆ ಈ ನೆನಪನ್ನು ಸಿಹಿಯಾಗಿ ಮಾತ್ರ ಹೇಳಿದರೆ ಸುಳ್ಳಾಗುತ್ತದೆ. ಕೆಳಗಿನ ಕೇರಿಯ ಮಕ್ಕಳು ನಮ್ಮ ಬೀದಿಯಲ್ಲಿ ಹಾದುಹೋದಾಗ ಇದೇ ಪ್ರಶ್ನೆ ಜಾತಿಯ ವಿಚಾರಣೆಯಾಗಿತ್ತು. ನನಗೂ ಹದಿಮೂರು ತುಂಬುವ ಹೊತ್ತಿಗೆ ಅದರ ಧ್ವನಿ ಬೇರೆಯಾಯಿತು. ನನ್ನನ್ನು ಕಾಯುತ್ತಿದ್ದ ಕಣ್ಣುಗಳೇ ನಾನು ಎಲ್ಲಿ ನಿಂತೆ, ಯಾರ ಜೊತೆ ನಕ್ಕೆ ಎಂದು ಮನೆಗೆ ವರದಿ ಒಪ್ಪಿಸತೊಡಗಿದವು. ಮಿಲ್ಲಿನ ಕೆಲಸ ತಮ್ಮನ ಪಾಲಿಗೆ ಹೋಯಿತು. ನಮ್ಮ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ, ಹೈಸ್ಕೂಲಿನ ಹುಡುಗಿಯರು ಗುಂಪು ಗುಂಪಾಗಿ ಡಾಂಬರು ರಸ್ತೆಯಲ್ಲಿ ಬೆಲ್ ಹೊಡೆಯುತ್ತಾ ಹೋಗುವುದನ್ನು ನಿಂತು ನೋಡಿದ್ದೇನೆ. ನನಗೆ ಸಿಗದೇ ಹೋದದ್ದು ಏನೆಂದು ಆಗ ಸ್ಪಷ್ಟವಾಗಿ ತಿಳಿಯಿತು.

ಇನ್ನು ಕಾಲಿನ ಸ್ವಾತಂತ್ರ್ಯ ಬೇರೆ, ಮನಸ್ಸಿನ ಸ್ವಾತಂತ್ರ್ಯ ಬೇರೆ. ಅಮೆರಿಕದಲ್ಲಿರುವ ನಮ್ಮ ಬಂಧುಗಳ ಮನೆಯಲ್ಲಿ ಮೂರು ವರ್ಷದ ಮಗುವನ್ನೂ ‘ನಿನಗೆ ಯಾವ ಅಂಗಿ ಬೇಕು’ ಎಂದು ಕೇಳುತ್ತಾರೆ, ಆದರೆ ಅದೇ ಮಗು ಒಂಬತ್ತಾದರೂ ಪಕ್ಕದ ಬೀದಿಗೆ ತಾನೊಂದೇ ಹೋಗುವುದಿಲ್ಲ. ಜಪಾನಿನ ಮಗು ತಾನೊಂದೇ ಹೋಗುತ್ತದೆ, ಗೊತ್ತುಮಾಡಿದ ದಾರಿ ಬಿಟ್ಟು ಕದಲುವುದಿಲ್ಲ. ನಾವು ಮಿಲ್ಲಿಗೆ ಕಳಿಸಿದೆವು, ಪಿಯುಸಿಯಲ್ಲಿ ಸೈನ್ಸೋ ಕಾಮರ್ಸೋ ಎಂದು ಮಾತ್ರ ಕೇಳಲಿಲ್ಲ. ಮದುವೆಯ ಮಾತಂತೂ ದೂರ. ಈಗ ಮಿಲ್ಲಿನ ದಾರಿಯೂ ಮುಚ್ಚಿದೆ. ಹತ್ತನೇ ತರಗತಿಯವರೆಗೂ ವ್ಯಾನಿನಲ್ಲಿ ಓಡಾಡಿದ ಮಗುವನ್ನು ಇಪ್ಪತ್ತೆರಡಕ್ಕೆ ವಿಮಾನ ಹತ್ತಿಸಿ ಗುರುತಿಲ್ಲದ ಊರಿಗೆ ಕಳಿಸುತ್ತೇವೆ. ಅಷ್ಟರವರೆಗೆ ಒಂದು ರಸ್ತೆಯನ್ನೂ ತಾನೇ ನಿರ್ಧರಿಸಿ ದಾಟದ ಮಗು ಅದು.

ನನ್ನ ಮನೆಯಿಂದ ಪ್ರಾಥಮಿಕ ಶಾಲೆಗೆ ಅರ್ಧ ಕಿಲೋಮೀಟರ್ ಇರಬಹುದು. ನಡುವೆ ಒಂದೇ ಒಂದು ದೊಡ್ಡ ರಸ್ತೆ. ಬೆಳಿಗ್ಗೆ ಎಂಟರಿಂದ ಒಂಬತ್ತು ಅಲ್ಲಿ ಬಾವುಟ ಹಿಡಿದು ನಿಲ್ಲಲು ಯಾವ ಕಾನೂನೂ ಬೇಕಿಲ್ಲ. ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವ ನಿವೃತ್ತರು ಆ ಹೊತ್ತಿಗೆ ನಮ್ಮ ಬಡಾವಣೆಯಲ್ಲಿ ಬೇಕಾದಷ್ಟು ಮಂದಿ ಇದ್ದೇವೆ. ಸರದಿ ಪಟ್ಟಿ ಬರೆಯುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ; ಸೋಮವಾರ ನನ್ನದೇ ಇರಲಿ.