ಪಂಚಮಿ ಹಬ್ಬದ ತೋಳುಬಲ

ನಾಗರ ಪಂಚಮಿಯ ದಿನವೂ ಸಿಂಧನೂರಿನ ಗದ್ದೆಗಳಿಗೆ ಬಿಡುವಿರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಸಸಿ ಹಬ್ಬ ನೋಡುವುದಿಲ್ಲ. ಕೆಸರಲ್ಲಿ ಹೆಣ್ಣುಮಕ್ಕಳ ಸಾಲು, ಎಡಗೈಯಲ್ಲಿ ಸಸಿಯ ಕಟ್ಟು. ಬಲಗೈ ಕೆಸರಿಗಿಳಿದು ಏಳುವುದು ಕಣ್ಣಿಗೆ ಸಿಗದಷ್ಟು ಚುರುಕು. ಸೊಂಟ ನೆಟ್ಟಗಾಗುವುದು ಬದು ಮುಟ್ಟಿದ ಮೇಲೆಯೇ. ಇದನ್ನು ಕಂಡು ‘ಒಳ್ಳೇ ವ್ಯಾಯಾಮ’ ಎನ್ನುವವರು ಅರ್ಧ ತಾಸು ಇಳಿದು ನೋಡಲಿ. ಕೂಲಿ ಕೂಲಿಯೇ. ಆದರೂ ಆ ಕಸುವಿನ ಬೆರಗು ಬಸ್ಸು ಹತ್ತಿದರೂ ನನ್ನನ್ನು ಬಿಡಲಿಲ್ಲ.

ಮಸ್ಕಿಯಲ್ಲಿ ಎಲ್ಲರೂ ನೋಡುವುದು ಅಶೋಕನ ಶಾಸನ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಕಂಡ ಈ ಬಂಡೆಯೇ ದೇವಾನಾಂಪ್ರಿಯನೆಂಬ ಬಿರುದಿನ ಅರಸ ಯಾರೆಂಬುದನ್ನು ಹೆಸರು ಹಿಡಿದು ಹೇಳಿದ್ದು. ನನ್ನನ್ನು ಸೆಳೆದದ್ದು ಅದಕ್ಕೂ ಹಳೆಯ ಮಸ್ಕಿ. 1954ರಲ್ಲಿ ಬಿ.ಕೆ. ಥಾಪರ್ ಅಗೆಸಿದಾಗ ನವಶಿಲಾಯುಗದ ಬದುಕಿನ ಕುರುಹುಗಳು ಮೇಲೆ ಬಂದವು. ಆ ಕಾಲದ ಈ ಸೀಮೆಯ ನೆಲೆಗಳಲ್ಲಿ ನಡುವೆ ಸವೆದು ತಗ್ಗಾದ ಅರೆಯುವ ಕಲ್ಲುಗಳು ಸಿಗುತ್ತವೆ. ಮೊಣಕಾಲೂರಿ ಕೂತು, ಕೈಗಲ್ಲನ್ನು ಮುಂದಕ್ಕೆ ನೂಕಿ ಹಿಂದಕ್ಕೆಳೆದು ಹಿಟ್ಟು ಮಾಡಬೇಕು. ಅಂಥ ದುಡಿಮೆ ತೋಳಿಗೆ ಏನು ಮಾಡೀತು? ಮಧ್ಯ ಯುರೋಪಿನ ನವಶಿಲಾಯುಗದ ಹೆಂಗಸರ ತೋಳಿನ ಎಲುಬನ್ನು ಕೇಂಬ್ರಿಜ್ ಸಂಶೋಧಕರು ಇಂದಿನ ದೋಣಿ ಸ್ಪರ್ಧೆಯ ಯುವತಿಯರದರೊಂದಿಗೆ ಹೋಲಿಸಿ 2017ರಲ್ಲಿ ಪ್ರಕಟಿಸಿದರು. ಮೈಯಳತೆಗೆ ತಕ್ಕಂತೆ ನೋಡಿದರೆ ಹಳಬರದೇ ಶೇಕಡಾ 11ರಿಂದ 16ರಷ್ಟು ಗಟ್ಟಿ! ಮಸ್ಕಿಯ ಅಜ್ಜಿಯರ ಎಲುಬನ್ನು ಯಾರೂ ಹಾಗೆ ಅಳೆದದ್ದು ನಾನು ಓದಿಲ್ಲ. ಅಳೆದರೆ ಕಡಿಮೆ ಬಂದೀತೆಂದು ನನಗಂತೂ ಅನಿಸದು.

ಲಿಂಗಸುಗೂರು ಇನ್ನೂ ದೂರವಿರುವಾಗಲೇ ಊರೊಂದರ ಬೇವಿನ ಮರದಲ್ಲಿ ಜೋಕಾಲಿ ಕಂಡು ಇಳಿದುಬಿಟ್ಟೆ. ತವರಿಗೆ ಬಂದ ಇಬ್ಬರು, ಸೆರಗು ಸೊಂಟಕ್ಕೆ ಬಿಗಿದು, ಎದುರುಬದುರು ಹಲಗೆಯ ಮೇಲೆ ನಿಂತಿದ್ದರು. ಒಬ್ಬಳು ಮೊಣಕಾಲು ಮಡಚಿ ಕುಕ್ಕರಿಸುವಷ್ಟು ಬಾಗಿ ಹಲಗೆ ಒದೆಯುತ್ತಿದ್ದಂತೆ ಇನ್ನೊಬ್ಬಳು ಎದೆ ಮುಂದಾಗಿ ಮೇಲೇರುತ್ತಿದ್ದಳು. ಮತ್ತೆ ಅವಳ ಸರದಿ. ಹಗ್ಗ ಹಿಡಿದ ಮುಂಗೈ ನರ ಉಬ್ಬಿದ್ದವು, ಬಳೆ ಮೊಣಕೈಗೆ ಜಾರಿದ್ದವು. ಎತ್ತರದ ಟೊಂಗೆಯ ಎಲೆಯನ್ನು ಕಾಲಲ್ಲಿ ಮುಟ್ಟುವುದು ಪಂದ್ಯ.

“ಇನ್ನಾ ಮ್ಯಾಲ ಜೀಕಬೇ ಯಕ್ಕಾ!” ಕೆಳಗಿದ್ದವರ ಕೂಗು.

ಗರಡಿಮನೆಯ ಹೊಸ್ತಿಲು ಹೆಣ್ಣಿಗೆ ದಕ್ಕಲಿಲ್ಲವೆಂದು ಕೇಳುತ್ತಲೇ ಬೆಳೆದವನು ನಾನು. ಆದರೆ 1530ರ ದಶಕದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅರಸನಲ್ಲಿ ಕುಸ್ತಿ ಹಿಡಿಯುವ ಹೆಂಗಸರೂ ಇದ್ದರೆನ್ನುತ್ತಾನೆ. 1520ರ ರಾಯಚೂರು ಯುದ್ಧಕ್ಕೆ ಪುಟಗಟ್ಟಲೆ ಕೊಟ್ಟ ಪುಣ್ಯಾತ್ಮ ಇವರಿಗೆ ಕೊಟ್ಟದ್ದು ಒಂದೇ ಮಾತು.

“ಏನ್ರಿ ಸರ, ನೀವೂ ಹತ್ತತೀರೇನ್ರಿ?” ಎಂದು ಮುದುಕಿಯೊಬ್ಬಳು ಕೇಳಿದಳು. ನಾನು ಹಗ್ಗ ನೋಡಿದೆ, ಟೊಂಗೆ ನೋಡಿದೆ. ಅವಳು ಕಾಯಲಿಲ್ಲ. ಜೋಳದ ಅಳ್ಳಿನ ಬುಟ್ಟಿ ಮೊಮ್ಮಗಳ ಕೈಗಿಟ್ಟು, “ಅತ್ತಾಗ ಸರೀರಿ” ಎಂದು ನಿರಿಗೆ ಎತ್ತಿ ಕಟ್ಟಿ ಹಲಗೆ ಹತ್ತಿದಳು.