ಒತ್ತೆಯಿಟ್ಟ ಮಗು

ಚರಿತ್ರೆಯೆಂದರೆ ಇಸವಿಗಳ ಸಂತೆಯೆಂದೇ ಒಂಬತ್ತನೆಯ ತರಗತಿಯ ನಾವು ತಿಳಿದಿದ್ದೆವು. 1215 ಎಂದರೆ ಮ್ಯಾಗ್ನ ಕಾರ್ಟ. ಅಷ್ಟು ಬರೆದರೆ ಅಂಕ ಬಂತು. ಒಂದು ದಿನ ಮಾಸ್ತರರು ಪುಸ್ತಕ ಮುಚ್ಚಿಟ್ಟು ಇಂಗ್ಲೆಂಡಿನ ವಿಲಿಯಂ ಮಾರ್ಷಲನ ಕಥೆ ಹೇಳಿದರು.

1152ರಲ್ಲಿ ರಾಜ ಸ್ಟೀಫನನು ನ್ಯೂಬರಿಯ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆಯ ಒಡೆಯ ಜಾನ್ ಮಾರ್ಷಲನು ಸಂಧಿಯ ಮಾತನಾಡಿ, ಐದಾರು ವರ್ಷದ ಮಗ ವಿಲಿಯಂನನ್ನು ಒತ್ತೆಯಿಟ್ಟ. ಆಮೇಲೆ ಮಾತಿಗೆ ತಪ್ಪಿ ಕೋಟೆಗೆ ಸೈನಿಕರನ್ನೂ ದವಸವನ್ನೂ ತುಂಬಿಸಿದ. ಮಗನನ್ನು ಗಲ್ಲಿಗೇರಿಸುವೆವೆಂದು ಹೆದರಿಸಿದರೆ, ಇದಕ್ಕಿಂತ ಒಳ್ಳೆಯ ಮಕ್ಕಳನ್ನು ಪಡೆಯಬಲ್ಲೆನೆಂದು ಹೇಳಿ ಕಳುಹಿದನಂತೆ! ಕೊನೆಗೆ ರಾಜನ ಕರುಳೇ ಕರಗಿತು, ಮಗು ಉಳಿಯಿತು.

ನಮ್ಮಲ್ಲಿ ಚರ್ಚೆಯೆದ್ದಿತು. ತಂದೆ ಕಟುಕನೆಂದರು ಕೆಲವರು. ರಾಜನ ಮೃದು ಮನಸ್ಸನ್ನು ಬಲ್ಲ ಚತುರನೆಂದರು ಕೆಲವರು. ಆ ಮಗುವಿಗೆ ಹೇಗಾಗಿರಬೇಕು ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಾಗ ಎಲ್ಲರೂ ಸುಮ್ಮನಾದೆವು.

ವಿಲಿಯಂ ಕಿರಿಯ ಮಗ, ಆಸ್ತಿಯಿಲ್ಲ. ಕಾಳಗದ ಪಂದ್ಯಗಳಲ್ಲಿ ಗೆದ್ದು ಹೆಸರು ಗಳಿಸಿದ. 1189ರಲ್ಲಿ ಇಸಬೆಲ್ ಎಂಬ ಶ್ರೀಮಂತ ಕನ್ಯೆಯನ್ನು ವರಿಸಿ ಜಹಗೀರು ಪಡೆದ. 1199ರಲ್ಲಿ ಪೆಂಬ್ರೋಕಿನ ಅರ್ಲ್ ಆದ. ಎರಡನೆಯ ಹೆನ್ರಿ, ರಿಚರ್ಡ್, ಜಾನ್ ಮೂವರು ರಾಜರಿಗೂ ದುಡಿದ. ಸಂಶಯದ ಪ್ರಾಣಿಯಾದ ಜಾನನು ಆತನ ಇಬ್ಬರು ಮಕ್ಕಳನ್ನೇ ಒತ್ತೆ ಕೇಳಿದಾಗ ಕೊಟ್ಟ. ಆದರೆ ತಂದೆಯಂತೆ ಮಾತಿಗೆ ತಪ್ಪಲಿಲ್ಲ. ಅಂಥ ರಾಜನಿಗೂ ಅಷ್ಟು ನಿಷ್ಠೆ ಏಕೆಂಬ ನಮ್ಮ ಸಂಶಯ ಮಾತ್ರ ಇನ್ನೂ ತೀರಿಲ್ಲ.

1216ರ ಅಕ್ಟೋಬರಿನಲ್ಲಿ ಜಾನ್ ಸತ್ತಾಗ ಮಗ ಹೆನ್ರಿಗೆ ಒಂಬತ್ತೇ ವರ್ಷ. ಬೊಕ್ಕಸ ಬರಿದು, ಲಂಡನ್ ನಗರ ದಂಗೆಯೆದ್ದ ಸರದಾರರ ಮತ್ತು ಫ್ರಾನ್ಸಿನ ರಾಜಕುಮಾರ ಲೂಯಿಯ ಕೈಯಲ್ಲಿ. ಎಪ್ಪತ್ತರ ಹತ್ತಿರದ ವಿಲಿಯಂ ಆ ಬಾಲಕನ ಪರವಾಗಿ ರಾಜ್ಯಭಾರ ಹೊತ್ತ. ಜಾನನು ಪೋಪರಿಂದ ರದ್ದು ಮಾಡಿಸಿದ್ದ ಮ್ಯಾಗ್ನ ಕಾರ್ಟವನ್ನು ಕೆಲವು ಕಲಮುಗಳನ್ನು ಬಿಟ್ಟು ಮತ್ತೆ ಹೊರಡಿಸಿದ. ಬಾಲರಾಜನಿಗೆ ಮುದ್ರೆಯಿರಲಿಲ್ಲ, ಪೋಪರ ಪ್ರತಿನಿಧಿಯ ಮುದ್ರೆಯ ಜೊತೆಗೆ ತನ್ನ ಮುದ್ರೆಯನ್ನೇ ಒತ್ತಿದ. 1217ರ ಮೇ 20ರಂದು ಲಿಂಕನ್ನಿನ ಯುದ್ಧದಲ್ಲಿ ತಾನೇ ಕುದುರೆಯೇರಿ ಗೆದ್ದ. 1219ರ ಮೇ 14ರಂದು ತೀರಿಕೊಂಡ. ಲಂಡನ್ನಿನ ಟೆಂಪಲ್ ಚರ್ಚಿನಲ್ಲಿ ಆತನ ಸಮಾಧಿಯಾಯಿತು.

ತಂದೆ ಕೈಬಿಟ್ಟ ಮಗು ಮುದುಕನಾದಾಗ ತಂದೆಯಿಲ್ಲದ ಇನ್ನೊಂದು ಮಗುವಿನ ಕೈಬಿಡಲಿಲ್ಲ. ಪರೀಕ್ಷೆಯಲ್ಲಿ ನಾವು ಈಗಲೂ 1215 ಎಂದೇ ಬರೆಯುತ್ತೇವೆ. ಆದರೆ ಕೊಟ್ಟ ಮಾತು ಸತ್ತುಹೋಗದಂತೆ ಮರುವರ್ಷ ಒಬ್ಬ ಮುದುಕ ಹೆಗಲು ಕೊಟ್ಟನೆಂಬುದನ್ನು ಮರೆಯಲಾರೆವು.